ವೆನಿಸ್‌ನಲ್ಲಿ ಮೂರು ರಾತ್ರಿ: ಕಡಿಮೆ ಖರ್ಚಲ್ಲಿ ಎಲ್ಲಿ ಉಳಿಯೋದು?

ಪ್ರಶ್ನೆ: ಮೇ ಮೊದಲ ವಾರ, ಬೇಸಿಗೆ ರಜೆಯಲ್ಲಿ ಬೆಂಗಳೂರಿನಿಂದ ಇಟಲಿಗೆ ಹೊರಟಿದ್ದೇವೆ. ವೆನಿಸ್‌ನಲ್ಲಿ ಮೂರು ರಾತ್ರಿ. ನಾವಿಬ್ಬರು, 12 ವರ್ಷದ ಮಗಳು, ಮಂಡಿನೋವಿರುವ 68ರ ಅಮ್ಮ. ಸಸ್ಯಾಹಾರಿಗಳು. ದ್ವೀಪದ ಒಳಗೆ ರೂಮು ವಿಪರೀತ ದುಬಾರಿ, ದ್ವೀಪದ ಹೊರಗೆ, ಮುಖ್ಯಭೂಮಿಯ ಮೆಸ್ತ್ರೆಯಲ್ಲಿ ಅಗ್ಗ ಕಾಣ್ತಿದೆ. ಎಲ್ಲಿ ಬುಕ್ ಮಾಡೋದು?

ಉತ್ತರ 1: ರೂಮಿನ ದರ ಒಂದನ್ನೇ ಹೋಲಿಸಬೇಡಿ, ಓಡಾಟವನ್ನೂ ಕೂಡಿಸಿ. ಮೆಸ್ತ್ರೆ ನಿಲ್ದಾಣದಿಂದ ದ್ವೀಪದ ರೈಲು ನಿಲ್ದಾಣ ಸಾಂತಾ ಲುಚಿಯಾಕ್ಕೆ ರೈಲಲ್ಲಿ 10–12 ನಿಮಿಷ, ಟಿಕೆಟ್ ಒಬ್ಬರಿಗೆ ಒಂದೂವರೆ ಯೂರೋ ಆಸುಪಾಸು. ನಾಲ್ವರು ದಿನಕ್ಕೊಮ್ಮೆ ಹೋಗಿ ಬಂದರೆ 12 ಯೂರೋ. ಮಧ್ಯಾಹ್ನ ಅಮ್ಮ ಮಲಗೋಕೆ ವಾಪಸ್ ಬಂದರೆ ಅದು 24. ಕಾಗದದ ಟಿಕೆಟ್ ಆದರೆ ಹತ್ತುವ ಮೊದಲು ಪ್ಲಾಟ್‌ಫಾರ್ಮಿನ ಮಷೀನಿನಲ್ಲಿ ಮುದ್ರೆ ಹಾಕಿಸಲೇಬೇಕು, ಮರೆತರೆ ದಂಡ. ಮೆಸ್ತ್ರೆಯಲ್ಲಿ ರೂಮು ಹಿಡಿಯೋದಾದರೆ ನಿಲ್ದಾಣಕ್ಕೋ ಟ್ರಾಮ್ ದಾರಿಗೋ ನಡೆದು ಐದು ನಿಮಿಷದೊಳಗೆ ಇರಲಿ. ಅದಕ್ಕಿಂತ ದೂರ ಹೋದರೆ ಉಳಿಸಿದ ದುಡ್ಡು ಬಸ್ ಕಾಯುವುದರಲ್ಲೇ ಕರಗುತ್ತದೆ.

ಉತ್ತರ 2: ಮಂಡಿನೋವು ಅಂದಮೇಲೆ ಮೊದಲ ಲೆಕ್ಕ ಸೇತುವೆಗಳದ್ದು. ವೆನಿಸ್‌ನಲ್ಲಿ 400ಕ್ಕೂ ಹೆಚ್ಚು ಸೇತುವೆಗಳಿವೆ, ಹೆಚ್ಚುಕಡಿಮೆ ಎಲ್ಲಕ್ಕೂ ಮೆಟ್ಟಿಲು. ಮ್ಯಾಪಿನಲ್ಲಿ 400 ಮೀಟರ್ ಅಂತ ತೋರಿಸುವ ದಾರಿಯಲ್ಲಿ ನಾಲ್ಕು ಸೇತುವೆ ಇದ್ದರೆ, ಸೂಟ್‌ಕೇಸ್ ಎಂಟು ಸಲ ಹೊರಬೇಕು: ಹತ್ತುವಾಗ ನಾಲ್ಕು, ಇಳಿಯುವಾಗ ನಾಲ್ಕು.

ಹಾಗಾಗಿ ನನ್ನ ಆಯ್ಕೆ ದ್ವೀಪದ ಒಳಗಿನ ಕನ್ನರೇಜೊ ಬಡಾವಣೆ. ಅದರಲ್ಲೂ ಸಾಂತಾ ಲುಚಿಯಾ ನಿಲ್ದಾಣದಿಂದ ಎಡಕ್ಕೆ ಲಿಸ್ತಾ ದಿ ಸ್ಪಾನ್ಯಾ ಬೀದಿ ಹಿಡಿದು ಗುಲ್ಯೆ ಸೇತುವೆಯ ತನಕ. ಇಷ್ಟು ದೂರಕ್ಕೆ ಒಂದೇ ಒಂದು ಸೇತುವೆ ದಾಟಬೇಕಾಗಿಲ್ಲ. ಬೀದಿ ಪೂರ್ತಿ ಪ್ರವಾಸಿಗರದ್ದೇ, ಸೊಗಸೇನಿಲ್ಲ. ಬೆಳಗಿನ ಜಾವದಿಂದಲೇ ಟ್ರಾಲಿ ಚಕ್ರಗಳ ಸದ್ದು. ಬುಕ್ ಮಾಡುವಾಗ ಹಿಂಬದಿಯ ಅಂಗಳದ ಕಡೆಗಿನ ರೂಮು ಕೇಳಿ.

ಉತ್ತರ 3: ಕನ್ನರೇಜೊ ಸರಿ, ಆದರೆ ವಪೊರೆತ್ತೊ ಲೆಕ್ಕ ಬಿಟ್ಟುಹೋಗಿದೆ. ಊರಿನ ಬಸ್ಸೇ ಆದ ಈ ದೋಣಿಯಲ್ಲಿ ಒಂದು ಟಿಕೆಟ್ 9.50 ಯೂರೋ, 75 ನಿಮಿಷ ನಡೆಯುತ್ತದೆ. 72 ಗಂಟೆಯ ಪಾಸು 45. 6ರಿಂದ 29 ವರ್ಷದವರು 6 ಯೂರೋ ಕೊಟ್ಟು ರೋಲಿಂಗ್ ವೆನಿಸ್ ಕಾರ್ಡ್ ಮಾಡಿಸಿದರೆ ಅದೇ ಪಾಸು 27ಕ್ಕೆ; ಮಗಳಿಗೆ ಒಟ್ಟು 33. ನಾಲ್ವರಿಗೆ ಸೇರಿ 168 ಯೂರೋ.

ಅಮ್ಮನ ಸಲುವಾಗಿ ಈ ಪಾಸು ಹೇಗೂ ತಗೊಳ್ತೀರಿ ಅಂದುಕೊಳ್ಳೋಣ. ಆಗ ದೂರದ ಜಾಗಗಳಿಗೆ ಹೆಚ್ಚಿನ ಖರ್ಚೇ ಇಲ್ಲ. ಕಸ್ತೆಲ್ಲೊ ಬಡಾವಣೆಯ ಪೂರ್ವ ತುದಿಯ ಸಾಂತ್ ಎಲೆನಾ ನೋಡಿ: ಮರ, ಹುಲ್ಲು, ಸ್ಥಳೀಯರ ಮನೆಗಳು, ಅದಕ್ಕೇ ಒಂದು ದೋಣಿ ನಿಲ್ದಾಣ. ಎದುರಿನ ದ್ವೀಪ ಜುದೆಕ್ಕಾ ಇನ್ನೊಂದು. ಸಮುದ್ರ ತೀರದ ದ್ವೀಪ ಲಿದೊ ಸಮತಟ್ಟು, ಕಾರು ಬಸ್ಸು ಓಡಾಡುತ್ತವೆ, ಮಂಡಿಗೆ ಅದೇ ಅತ್ಯಂತ ಸುಲಭ. ಅದೇ ಪಾಸಿನಲ್ಲಿ ಮೆಸ್ತ್ರೆಯ ಟ್ರಾಮ್, ಬಸ್ಸೂ ಓಡುತ್ತವೆ, ರೈಲು ಮಾತ್ರ ಸೇರಿಲ್ಲ. ಆದ್ದರಿಂದ ಪಾಸಿದ್ದವರು ಮೆಸ್ತ್ರೆಯಲ್ಲಿ ಉಳಿದರೆ ಟ್ರಾಮ್ ಹತ್ತಿ ದ್ವೀಪದ ಬಸ್ ನಿಲ್ದಾಣವಾದ ಪಿಯತ್ಸಾಲೆ ರೋಮಾದಲ್ಲಿ ಇಳಿಯಿರಿ.

ಪಾಸು ಬೇಡ, ನಡೆದೇ ನೋಡ್ತೀವಿ ಅಂದರೆ ಲೆಕ್ಕ ತಿರುಗುತ್ತದೆ. ಲಿದೊದಿಂದ ಪ್ರತಿ ಸಲ ಹೋಗಿ ಬರಲು ನಾಲ್ವರಿಗೂ ದೋಣಿ ಟಿಕೆಟ್ ಬೇಕೇ ಬೇಕು, ಹಾಗಾಗಿ ಕನ್ನರೇಜೊ ರೂಮು ರಾತ್ರಿಗೆ 50 ಯೂರೋ ಹೆಚ್ಚಾದರೂ ಲಿದೊಗಿಂತ ಅಗ್ಗ ಬೀಳುತ್ತದೆ.

ಉತ್ತರ 4: ಜಾಹೀರಾತು ಓದುವುದರಲ್ಲೇ ಹೆಚ್ಚಿನವರು ಎಡವುತ್ತಾರೆ. "ವೆನಿಸ್" ಅಂತ ಬರೆದ ರೂಮು ಕ್ವಾರ್ತೊ ದಾಲ್ತಿನೊ ಅಥವಾ ಯೇಜೊಲೊದಲ್ಲಿ ಇರಬಹುದು. ಅವು ವೆನಿಸ್ ನಗರಸಭೆಯ ಗಡಿಯ ಹೊರಗೆ. ಇದು ಬರೀ ದೂರದ ಪ್ರಶ್ನೆಯಲ್ಲ. 2024ರಿಂದ, ನಿಗದಿತ ದಿನಗಳಲ್ಲಿ ಬೆಳಿಗ್ಗೆ 8:30ರಿಂದ ಸಂಜೆ 4ರ ಒಳಗೆ ಹಳೇ ಊರಿಗೆ ಬರುವ ದಿನದ ಪ್ರವಾಸಿಗರಿಗೆ ಪ್ರವೇಶ ಶುಲ್ಕ ಇದೆ: ಮುಂಚೆ ಕಟ್ಟಿದರೆ 5, ಕೊನೆ ಗಳಿಗೆಯಲ್ಲಿ 10 ಯೂರೋ. ಮೇ ತಿಂಗಳ ವಾರಾಂತ್ಯಗಳು ಅದರಲ್ಲಿ ಬರುತ್ತವೆ. ಮೆಸ್ತ್ರೆ, ಲಿದೊ ಎರಡೂ ನಗರಸಭೆಯ ಒಳಗೇ ಇರುವುದರಿಂದ ಅಲ್ಲಿ ಉಳಿದವರಿಗೆ ವಿನಾಯಿತಿ, ಆದರೆ ಆನ್‌ಲೈನ್‌ನಲ್ಲಿ ನೋಂದಾಯಿಸಿ ಕ್ಯೂಆರ್ ಕೋಡ್ ಇಟ್ಟುಕೊಳ್ಳಬೇಕು. ಪಕ್ಕದ ಊರು ಪಾದುವಾದಲ್ಲಿ ಉಳಿದರೆ ವಿನಾಯಿತಿ ಇಲ್ಲ.

ಇನ್ನು ತಂಗುವ ತೆರಿಗೆ. ತಲೆಗೆ, ರಾತ್ರಿಗೆ ಇಷ್ಟು ಅಂತ, ಮೊದಲ ಐದು ರಾತ್ರಿ. 10 ವರ್ಷದೊಳಗಿನವರಿಗೆ ಇಲ್ಲ, ನಿಮ್ಮ ಮಗಳಿಗೆ ಅರ್ಧ. ಬುಕ್ಕಿಂಗ್ ಮೊತ್ತದಲ್ಲಿ ಸೇರಿರೋದು ಅಪರೂಪ, ಹೋದಮೇಲೆ ನಗದು ಕೇಳುತ್ತಾರೆ. ಅಪಾರ್ಟ್‌ಮೆಂಟಿಗೆ ಸ್ವಚ್ಛತಾ ಶುಲ್ಕ, ರಾತ್ರಿ ತಡವಾಗಿ ಬಂದರೆ ಇನ್ನೊಂದು ಶುಲ್ಕ. ಇವನ್ನೆಲ್ಲ ಕೂಡಿಸಿ ಮೂರರಿಂದ ಭಾಗಿಸಿದ ಮೇಲೆ ಹೋಲಿಸಿ.

2025ರಿಂದ ಬಾಡಿಗೆಗೆ ಕೊಡುವ ಪ್ರತಿ ಮನೆಗೂ ಸಿಐಎನ್ ಎಂಬ ರಾಷ್ಟ್ರೀಯ ಗುರುತು ಸಂಖ್ಯೆ ಕಡ್ಡಾಯ. ಐಟಿ ಅಕ್ಷರಗಳಿಂದ ಶುರುವಾಗುತ್ತದೆ. ಜಾಹೀರಾತಿನಲ್ಲಿ ಕಾಣದಿದ್ದರೆ ಆ ಮನೆ ಬಿಟ್ಟುಬಿಡಿ.

ಮಾಲೀಕರಿಗೆ ಮೊದಲೇ ಬರೆದು ಕೇಳಿ: ಹತ್ತಿರದ ದೋಣಿ ನಿಲ್ದಾಣ ಯಾವುದು, ಅಲ್ಲಿಂದ ಎಷ್ಟು ಸೇತುವೆ, ಲಿಫ್ಟ್ ಇದೆಯಾ, ಎಷ್ಟು ಮೆಟ್ಟಿಲು. "ಮೊದಲ ಮಹಡಿ" ಅನ್ನೋ ಮಾತು ನಂಬಬೇಡಿ, ಹಳೇ ಮನೆಗಳಲ್ಲಿ ನಡುವೆ ಒಂದು ಅರೆ ಮಹಡಿ ಇರುತ್ತದೆ, ಅದು ಲೆಕ್ಕಕ್ಕೇ ಬರಲ್ಲ. ಹಾಗಂತ ನೆಲಮಹಡಿಗೆ ಓಡಬೇಡಿ, ಗೋಡೆ ತೇವ, ಮುಗ್ಗಲು ವಾಸನೆ. ಮ್ಯಾಪಿನ ಪಿನ್ ಕೂಡ ತರಿಸಿಕೊಳ್ಳಿ: ಇಲ್ಲಿ ಮನೆ ನಂಬರು ಬೀದಿಗಲ್ಲ, ಇಡೀ ಬಡಾವಣೆಗೆ. ಕಸ್ತೆಲ್ಲೊದಲ್ಲಿ ಅದು 6000 ದಾಟುತ್ತದೆ.

ಪ್ರಶ್ನೆ ಕೇಳಿದವರು: ಅಡುಗೆಮನೆ ಇರುವ ಮನೆಯೇ ಬೇಕಾ? ಏರ್‌ಪೋರ್ಟಿನಿಂದ ಗುಲ್ಯೆ ಕಡೆಗೆ ಹೇಗೆ? ವೀಸಾ ಇನ್ನೂ ಆಗಿಲ್ಲ.

ಉತ್ತರ 5: ವೀಸಾ ಆಗಿಲ್ಲ ಅಂದರೆ ಉಚಿತವಾಗಿ ರದ್ದು ಮಾಡಬಹುದಾದ ದರವನ್ನೇ ಹಿಡಿಯಿರಿ, ನಾಲ್ವರ ಹೆಸರೂ ಪಾಸ್‌ಪೋರ್ಟಿನಲ್ಲಿದ್ದಂತೆ ವೋಚರ್‌ನಲ್ಲಿ ಇರಲಿ. ಮೇ 1 ಇಟಲಿಗೂ ರಜೆ. ಅದನ್ನು ದಾಟಿಸಿ ಭಾನುವಾರದಿಂದ ಬುಧವಾರ ಮಾಡಿಕೊಂಡರೆ ಶುಕ್ರ, ಶನಿವಾರದ ದರ ತಪ್ಪುತ್ತದೆ.

ಅಡುಗೆಮನೆ ಇದ್ದರೆ ಒಳ್ಳೆಯದು, ಅನ್ನ ಸಾರು ಆಗುತ್ತದೆ. ಒಲೆ ಗ್ಯಾಸೋ ಇಂಡಕ್ಷನ್ನೋ ಕೇಳಿ. ಇಂಡಕ್ಷನ್ ಆದರೆ ಅಲ್ಯೂಮಿನಿಯಂ ಕುಕ್ಕರ್ ಹೊತ್ತೊಯ್ದು ಪ್ರಯೋಜನವಿಲ್ಲ. ಭಾನುವಾರ ರಿಯಾಲ್ತೊ ತರಕಾರಿ ಮಾರುಕಟ್ಟೆ ಮುಚ್ಚಿರುತ್ತದೆ. ಅಡುಗೆ ಬೇಡವಾದರೆ ಕ್ರೈಸ್ತ ಸಂನ್ಯಾಸಿನಿಯರ ಅತಿಥಿಗೃಹಗಳನ್ನು "ಕಾಸಾ ಪೆರ್ ಫೆರಿಯೆ" ಅಂತ ಹುಡುಕಿ. ಸರಳ, ಶುಚಿ, ಹಲವು ಕಡೆ ರಾತ್ರಿ ಬಾಗಿಲು ಹಾಕುವ ಹೊತ್ತು ನಿಗದಿ, ಅದನ್ನು ಮೊದಲೇ ಕೇಳಿಕೊಳ್ಳಿ.

ಏರ್‌ಪೋರ್ಟಿನಿಂದ ಪಿಯತ್ಸಾಲೆ ರೋಮಾಕ್ಕೆ ಬಸ್ಸು 10 ಯೂರೋ, ಆದರೆ ಅಲ್ಲಿಂದ ನಿಲ್ದಾಣದ ಕಡೆಗೆ ನಡೆಯಲು ಗಾಜಿನ ಮೆಟ್ಟಿಲ ದೊಡ್ಡ ಸೇತುವೆ ಹತ್ತಬೇಕು. ಮಳೆ ಬಂದರೆ ಅದು ಜಾರುತ್ತದೆ. ಏರ್‌ಪೋರ್ಟಿನಿಂದಲೇ ಹೊರಡುವ ಅಲಿಲಗೂನಾ ಕಂಪನಿಯ ದೋಣಿಯ ಕಿತ್ತಳೆ ಮಾರ್ಗ ದುಬಾರಿ, ನಿಧಾನ. ಆದರೂ ಗುಲ್ಯೆ ಸೇತುವೆಯ ಬಳಿಯೇ ಇಳಿಸುತ್ತದೆ. ಅಮ್ಮ ಜೊತೆಗಿರುವಾಗ ಅದಕ್ಕೇ ದುಡ್ಡು ಹಾಕಿ.