'ಡಿಸ್ಟ್ರೋ'ಗೆ ಏನನ್ನೋಣ: ವಿತರಣೆ, ಆವೃತ್ತಿ, ತಳಿ?

ಎಲ್ಲರಿಗೂ ನಮಸ್ಕಾರ.

ಹಳೇ ಲ್ಯಾಪ್‌ಟಾಪಿಗೆ ವಿಂಡೋಸ್ ಬದಲು ಲಿನಕ್ಸ್ ಹಾಕಿಕೊಳ್ಳಬೇಕು ಅನ್ನುವ ಹೊಸಬರಿಗಾಗಿ ಒಂದು ಪುಟ್ಟ ಕೈಪಿಡಿ ಬರೆಯುತ್ತಿದ್ದೇನೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ನಿಂತಿತಲ್ಲ, ಅದಕ್ಕೇ ಈ ಉಸಾಬರಿ. ಬರಹವೇನೋ ಸಾಗುತ್ತಿದೆ. 'ಡಿಸ್ಟ್ರೋ' (ಇಂಗ್ಲಿಷಿನ 'ಡಿಸ್ಟ್ರಿಬ್ಯೂಷನ್' ಪದದ ಮೊಟಕು, ಅಂದರೆ ಬೇರೆ ಬೇರೆಯವರು ಕಟ್ಟಿಕೊಡುವ ಒಂದೊಂದು ಲಿನಕ್ಸ್) ಅನ್ನುವ ಪದ ಬಂದಲ್ಲೆಲ್ಲ ಪೆನ್ನು ನಿಲ್ಲುತ್ತದೆ.

'ವಿತರಣೆ' ಅಂತ ಬರೆಯಬಹುದು. ಇಂಗ್ಲಿಷ್ ಪದಕ್ಕೆ ಅದು ನೇರ ಸಾಟಿ. ಆದರೆ ಕನ್ನಡದಲ್ಲಿ ವಿತರಣೆ ಅಂದರೆ ಹಂಚುವ ಕೆಲಸ. ಪಡಿತರ ವಿತರಣೆ, ಬಹುಮಾನ ವಿತರಣೆ. 'ನೀವು ಯಾವ ವಿತರಣೆ ಬಳಸುತ್ತೀರಿ?' ಅಂದರೆ ಯಾರಿಗೆ ಏನು ತಿಳಿಯಬೇಕು?

'ಆವೃತ್ತಿ' ಇನ್ನೂ ತೊಡಕು. ಲಿನಕ್ಸ್ ಮಿಂಟ್ ಒಂದು ಡಿಸ್ಟ್ರೋ. ಲಿನಕ್ಸ್ ಮಿಂಟ್ 22 ಅನ್ನುವಲ್ಲಿ 22 ಒಂದು ಆವೃತ್ತಿ. ಅದರೊಳಗೆ ಮತ್ತೆ ಸಿನಮನ್, ಮಾಟೆ, ಎಕ್ಸ್‌ಎಫ್‌ಸಿಇ ಅಂತ ಮೂರು ಡೆಸ್ಕ್‌ಟಾಪ್‌ಗಳು (ಪರದೆ, ಮೆನುಗಳ ವಿನ್ಯಾಸ) ಸಿಗುತ್ತವೆ, ಅವನ್ನೂ ಆವೃತ್ತಿ ಅನ್ನುತ್ತೇವೆ. ಕಂಪ್ಯೂಟರ್ ಹಳೆಯದು, ರ‍್ಯಾಮ್ ಕಡಿಮೆ ಅನ್ನುವವರಿಗೆ ನಾನು ಎಕ್ಸ್‌ಎಫ್‌ಸಿಇ ಹೇಳುತ್ತೇನೆ. ಅದು ಹಗುರ. ಆದರೆ 'ಮಿಂಟ್ ಆವೃತ್ತಿಯ 22ನೇ ಆವೃತ್ತಿಯ ಎಕ್ಸ್‌ಎಫ್‌ಸಿಇ ಆವೃತ್ತಿ' ಅಂತ ಬರೆಯೋಕಾಗುತ್ತಾ ಹೇಳಿ.

ನನಗೆ ಹಿಡಿಸಿರುವುದು 'ತಳಿ'. ಮಾವಿನ ತಳಿ, ಭತ್ತದ ತಳಿ ಅನ್ನುತ್ತೇವಲ್ಲ, ಹಾಗೆ. ಲಿನಸ್ ಟೋರ್ವಾಲ್ಡ್ಸ್ 1991ರಲ್ಲಿ ಶುರು ಮಾಡಿದ ಕರ್ನೆಲ್, ಅಂದರೆ ಲಿನಕ್ಸಿನ ತಿರುಳು, ಎಲ್ಲದರಲ್ಲೂ ಇದೆ. ಅದರ ಸುತ್ತ ಯಾರು ಏನೇನು ಸೇರಿಸಿ ಕಟ್ಟಿದರು ಅನ್ನುವುದಷ್ಟೇ ಬೇರೆ. ಮೇಲಾಗಿ ತಳಿ ಅಂದ ಕೂಡಲೇ ಹುಟ್ಟೂ ಬರುತ್ತದೆ. ಡೆಬಿಯನ್ ಅನ್ನುವ ಡಿಸ್ಟ್ರೋ 1993ರದ್ದು. ಅದರಿಂದ 2004ರಲ್ಲಿ ಉಬುಂಟು, ಉಬುಂಟುವಿನಿಂದ 2006ರಲ್ಲಿ ಮಿಂಟ್. ಹೊಸಬರಿಗೆ ಈ ನಂಟು ಗೊತ್ತಿದ್ದರೆ ದೊಡ್ಡ ಉಪಕಾರ. ಮಿಂಟ್ ಹಾಕಿಕೊಂಡವರು ಏನಾದರೂ ಕೆಟ್ಟಾಗ ಉಬುಂಟುಗೆ ಬರೆದ ಪರಿಹಾರ ಹುಡುಕಿದರೂ ಸಾಮಾನ್ಯವಾಗಿ ನಡೆಯುತ್ತದೆ, ಎರಡರಲ್ಲೂ ಸಾಫ್ಟ್‌ವೇರ್ ಹಾಕುವುದು 'ಆಪ್ಟ್' ಅನ್ನುವ ಸಾಧನದ ಮೂಲಕವೇ. ಫೆಡೋರಾ ಅನ್ನುವ ಇನ್ನೊಂದು ಡಿಸ್ಟ್ರೋದ ದಾರಿ ಬೇರೆ. ಅಲ್ಲಿ ಆರ್‌ಪಿಎಂ ಅನ್ನುವ ನಮೂನೆಯ ಸಾಫ್ಟ್‌ವೇರ್ ಕಡತಗಳು, ಆಜ್ಞೆಗಳೂ ಬೇರೆ. 'ಅದು ಈ ತಳಿಯದ್ದಲ್ಲ' ಅಂದರೆ ಮುಗಿಯಿತು.

ಒಂದೇ ಅಳುಕು. ಕೊರೊನಾ ಕಾಲದಲ್ಲಿ ಪತ್ರಿಕೆಗಳು 'ರೂಪಾಂತರಿ ತಳಿ' ಅಂತ ಬರೆದೂ ಬರೆದೂ ಆ ಪದಕ್ಕೆ ವೈರಸ್ಸಿನ ವಾಸನೆ ಅಂಟಿಸಿಬಿಟ್ಟಿವೆ. ಕಂಪ್ಯೂಟರಿಗೆ 'ಹೊಸ ತಳಿ ಬಂದಿದೆ' ಅಂದರೆ ಯಾರಾದರೂ ಪ್ಲಗ್ ಕಿತ್ತಾರು!

ಹಾಗಾಗಿ ಕೇಳುತ್ತಿದ್ದೇನೆ. ತಳಿ ಓದುವಾಗ ನಿಮಗೂ ಹಾಗನಿಸುತ್ತದಾ, ಅಥವಾ ನನ್ನದು ಸುಮ್ನೆ ಅನುಮಾನವಾ? ಕೃಷಿಯ ಪದ ಇಲ್ಲಿಗೆ ಒಗ್ಗದು ಅನ್ನುವವರಿದ್ದರೆ ಬೇರೆ ಪದ ಸೂಚಿಸಿ. 'ಡಿಸ್ಟ್ರೋ' ಅಂತಲೇ ಬಿಡಿ ಅಂದರೂ ಬೇಸರವಿಲ್ಲ. ಮಿಂಟ್‌ನ ಆ ಮೂರಕ್ಕೆ ಸದ್ಯ 'ಬಗೆ' ಅಂತ ಬರೆದಿದ್ದೇನೆ, ಅದಕ್ಕೂ ನಿಮ್ಮ ಮಾತು ಬೇಕು.