ಜಿಸಿಸಿ ಆಪ್ಷನ್ ಕೊಟ್ಟರೆ ‘ಅಂಥ ಫೈಲ್ ಇಲ್ಲ’ ಎನ್ನುತ್ತದೆ, ಏಕೆ?

ಪ್ರಶ್ನೆ: ನಮಸ್ಕಾರ ಸರ್. ನಾನು ಇಂಜಿನಿಯರಿಂಗ್ ಎರಡನೆಯ ವರ್ಷದ ವಿದ್ಯಾರ್ಥಿ. ಲ್ಯಾಬ್ ಕೈಪಿಡಿಯ ಪಿಡಿಎಫ್‌ನಿಂದ, ಸಿ ಪ್ರೋಗ್ರಾಂಗಳ ಕಂಪೈಲರ್ ಆದ ಜಿಸಿಸಿಯ ಈ ಸಾಲನ್ನು ಕಾಪಿ ಮಾಡಿ ಉಬುಂಟು ಟರ್ಮಿನಲ್‌ಗೆ ಹಾಕಿದೆ:

ಜಿಸಿಸಿ –ಡಬ್ಲ್ಯೂಆಲ್ -ಎಲ್‌ಎಮ್ ಲೆಕ್ಕ.ಸಿ -ಓ ಲೆಕ್ಕ

‘–ಡಬ್ಲ್ಯೂಆಲ್: ನೋ ಸಚ್ ಫೈಲ್ ಆರ್ ಡೈರೆಕ್ಟರಿ’ ಎಂಬ ಎರರ್ ಬರುತ್ತಿದೆ. ಜಿಸಿಸಿಯನ್ನು ತೆಗೆದು ಮತ್ತೆ ಇನ್‌ಸ್ಟಾಲ್ ಮಾಡಿದರೂ ಅದೇ ಕಥೆ.

ಉತ್ತರ: ಮರು-ಇನ್‌ಸ್ಟಾಲ್ ಅಗತ್ಯವಿರಲಿಲ್ಲ, ಎರರ್‌ನ ಮಾತನ್ನೇ ಇನ್ನೊಮ್ಮೆ ಓದಿ. ಆಪ್ಷನ್‌ನ (ಹೈಫನ್‌ನಿಂದ ಶುರುವಾಗುವ ಸೂಚನೆಯ) ಹೆಸರು ತಪ್ಪಾಗಿದ್ದರೆ ಜಿಸಿಸಿ ‘ಅನ್‌ರೆಕಗ್ನೈಸ್ಡ್ ಕಮಾಂಡ್‌ಲೈನ್ ಆಪ್ಷನ್’ ಎನ್ನುತ್ತಿತ್ತು. ಅದು ಫೈಲ್ ಇಲ್ಲವೆಂದು ದೂರುತ್ತಿದೆ ಎಂದರೆ, ನೀವು ಕೊಟ್ಟದ್ದನ್ನು ಆಪ್ಷನ್ ಎಂದೇ ಪರಿಗಣಿಸದೆ ಫೈಲಿನ ಹೆಸರೆಂದು ತಿಳಿದು ಹುಡುಕಿದೆ ಎಂದರ್ಥ. ಕೈಪಿಡಿಯನ್ನು ವರ್ಡ್‌ನಂಥ ತಂತ್ರಾಂಶದಲ್ಲಿ ಟೈಪ್ ಮಾಡುವಾಗ ಹೈಫನ್ ತಾನಾಗಿಯೇ ಉದ್ದನೆಯ ಡ್ಯಾಶ್ ಆಗಿರುತ್ತದೆ. ಕಣ್ಣಿಗೆ ಎರಡೂ ಒಂದೇ ರೀತಿ ಕಂಡರೂ, ಯುಟಿಎಫ್-8ರಲ್ಲಿ (ಅಕ್ಷರಗಳನ್ನು ಬೈಟ್‌ಗಳಾಗಿ ಬರೆದಿಡುವ ವಿಧಾನ) ಹೈಫನ್‌ಗೆ ಒಂದು ಬೈಟ್ ಸಾಕು, ಆ ಡ್ಯಾಶ್‌ಗೆ ಮೂರು ಬೇಕು. ನಂಬಿಕೆ ಬಾರದಿದ್ದರೆ ಆ ಚಿಹ್ನೆಯನ್ನು ಎಕೋ ಮೂಲಕ, ಬೈಟ್‌ಗಳನ್ನು ತೋರಿಸುವ ‘ಓಡಿ -ಸಿ’ ಕಮಾಂಡ್‌ಗೆ ಕಳುಹಿಸಿ ನೋಡಿ: 342 200 223 ಎಂಬ ಆಕ್ಟಲ್ ಸಂಖ್ಯೆಗಳು ಕಾಣಿಸುತ್ತವೆ. ಅದನ್ನು ಅಳಿಸಿ, ಕೀಬೋರ್ಡಿನಿಂದಲೇ ಹೈಫನ್ ಒತ್ತಿ.

ಪ್ರಶ್ನೆ: ಆ ಎರರ್ ಹೋಯಿತು ಸರ್, ಧನ್ಯವಾದಗಳು. ಈಗ ‘ಅನ್‌ಡಿಫೈನ್ಡ್ ರೆಫರೆನ್ಸ್ ಟು ಎಸ್‌ಕ್ಯೂಆರ್‌ಟಿ’ ಎಂದು ಬರುತ್ತಿದೆ (ಎಸ್‌ಕ್ಯೂಆರ್‌ಟಿ ಎಂದರೆ ವರ್ಗಮೂಲದ ಫಂಕ್ಷನ್). ಗಣಿತದ ಹೆಡರ್ ಫೈಲ್ ಮ್ಯಾತ್.ಎಚ್ ಸೇರಿಸಿದ್ದೇನೆ, -ಎಲ್‌ಎಮ್ ಕೂಡ ಕೊಟ್ಟಿದ್ದೇನೆ. ನನ್ನ ಗೆಳತಿಯ ಪ್ರೋಗ್ರಾಂ -ಎಲ್‌ಎಮ್ ಇಲ್ಲದೆಯೇ ನಡೆಯುತ್ತದೆ. ಅವಳು ನೇರವಾಗಿ 16.0ರ ವರ್ಗಮೂಲ ಕೇಳಿದ್ದಾಳೆ, ನಾನು ಬಳಕೆದಾರರಿಂದ ಸಂಖ್ಯೆ ಪಡೆಯುತ್ತೇನೆ.

ಉತ್ತರ: ಇದು ಕಂಪೈಲರ್‌ನ ದೂರಲ್ಲ, ಕಂಪೈಲ್ ಆದ ಕೋಡನ್ನು ಲೈಬ್ರರಿಗಳೊಂದಿಗೆ ಜೋಡಿಸುವ ಲಿಂಕರ್‌ನದು, ಕೊನೆಯ ಸಾಲಿನಲ್ಲಿ ‘ಎಲ್‌ಡಿ’ ಎಂಬ ಅದರ ಹೆಸರು ಇದ್ದೇ ಇರುತ್ತದೆ. ಮ್ಯಾತ್.ಎಚ್ ಫಂಕ್ಷನ್‌ನ ಸ್ವರೂಪವನ್ನಷ್ಟೇ ಘೋಷಿಸುತ್ತದೆ, ಅದರ ಕೋಡ್ ಇರುವುದು ಲಿಬ್‌ಎಮ್ ಎಂಬ ಲೈಬ್ರರಿಯಲ್ಲಿ, -ಎಲ್‌ಎಮ್ ಕರೆತರುವುದು ಅದನ್ನೇ. ಲಿಂಕರ್ ಕಮಾಂಡನ್ನು ಎಡದಿಂದ ಬಲಕ್ಕೆ ಓದುತ್ತದೆ. ನಿಮ್ಮ ಸಾಲಿನಲ್ಲಿ ಲೈಬ್ರರಿ ಎದುರಾದಾಗ ಅದನ್ನು ಬೇಡುವ ಕೋಡ್ ಇನ್ನೂ ಬಂದೇ ಇರುವುದಿಲ್ಲ, ಉಬುಂಟು 11.10ರಿಂದ ಈಚೆಗೆ, ಆ ಹೊತ್ತಿಗೆ ಬೇಡಿಕೆಯಿಲ್ಲದ ಲೈಬ್ರರಿಯನ್ನು ಕೈಬಿಡುವಂತೆ ಲಿಂಕರ್‌ಗೆ ಮೊದಲೇ ಸೂಚನೆ ಇರುತ್ತದೆ. ಆದ್ದರಿಂದ -ಎಲ್‌ಎಮ್ ಅನ್ನು ಸಾಲಿನ ತುದಿಗೆ ಒಯ್ಯಿರಿ:

ಜಿಸಿಸಿ -ಡಬ್ಲ್ಯೂಆಲ್ ಲೆಕ್ಕ.ಸಿ -ಓ ಲೆಕ್ಕ -ಎಲ್‌ಎಮ್

ಗೆಳತಿಯ ಪ್ರೋಗ್ರಾಂನಲ್ಲಿ 16.0 ಸ್ಥಿರ ಸಂಖ್ಯೆಯಾದ್ದರಿಂದ ಕಂಪೈಲರ್ ತಾನೇ 4 ಎಂದು ಲೆಕ್ಕ ಹಾಕಿ ಬರೆದುಬಿಡುತ್ತದೆ, ಲೈಬ್ರರಿಯನ್ನು ಕರೆಯುವ ಪ್ರಮೇಯವೇ ಬರುವುದಿಲ್ಲ. ಅವರೂ ವೇರಿಯಬಲ್ ಬಳಸಿದ ದಿನ ಇದೇ ಎರರ್ ನೋಡುತ್ತಾರೆ.

ಮುಂದೆ ಮೇಕ್‌ಫೈಲ್ (ಕಂಪೈಲ್ ಮಾಡುವ ಬಗೆಯನ್ನು ‘ಮೇಕ್’ ತಂತ್ರಾಂಶಕ್ಕೆ ತಿಳಿಸುವ ಫೈಲ್) ಬರೆಯುವಾಗಲೂ ಇದೇ ತೊಡಕು ಬರಬಹುದು: -ಎಲ್‌ಎಮ್ ಅನ್ನು ‘ಎಲ್‌ಡಿಫ್ಲ್ಯಾಗ್ಸ್’ ಎಂಬ ವೇರಿಯಬಲ್‌ನಲ್ಲಿ ಇಟ್ಟರೆ ಮೇಕ್‌ನ ಸಿದ್ಧ ನಿಯಮಗಳು ಅದನ್ನು ಫೈಲುಗಳ ಮುಂದೆಯೇ ತಂದು ಹಾಕುತ್ತವೆ, ‘ಎಲ್‌ಡಿಲಿಬ್ಸ್’ನಲ್ಲಿ ಇಡಿ.