ಅರ್ಧ ಆದ ಸದ್ದಿನ ಶಿಲ್ಪವನ್ನು ಜನರ ಮುಂದೆ ಇಡೋದು ಹೇಗೆ?

ಹಾಳೆಸದ್ದು (ಪ್ರಶ್ನೆ)

ನಮಸ್ಕಾರ. ಬೆಂಗಳೂರಿನಲ್ಲಿ ಕೂತು ಚಲಿಸುವ, ಸದ್ದು ಮಾಡುವ ಶಿಲ್ಪಗಳನ್ನು ಕಟ್ಟುತ್ತೇನೆ. ಈಗ ಕೈಯಲ್ಲಿರೋದು ಅಡಿಕೆ ಹಾಳೆಯ ಕೆಲಸ. ಮರದ ಚೌಕಟ್ಟಿಗೆ ಒಣಗಿದ ಹಾಳೆಗಳನ್ನು ನೂಲಿನಲ್ಲಿ ಇಳಿಬಿಟ್ಟಿದ್ದೇನೆ. ಹಿಂದೆ ಒಂದು ಉದ್ದನೆಯ ದಂಡ ನಿಧಾನಕ್ಕೆ ತಿರುಗುತ್ತದೆ, ಅದಕ್ಕೆ ಸಿಕ್ಕಿಸಿದ ಬಿದಿರಿನ ಕಡ್ಡಿಗಳು ಒಂದೊಂದೇ ಹಾಳೆಯನ್ನು ಕೆರೆದು ಬಿಡುತ್ತವೆ. ಬುಡದ ಕಡೆ ಹಾಳೆ ದಪ್ಪ, ಅಲ್ಲಿ ತಾಗಿದರೆ ‘ಟೊಕ್’. ತುದಿಯ ಕಡೆ ತೆಳು, ಅಲ್ಲಿ ಬರೀ ಸರಸರ. ಗಾಳಿಯಲ್ಲಿ ತೇವ ಏರಿದರೆ ಹಾಳೆ ಮೆತ್ತಗಾಗಿ ಟೊಕ್ ಅಡಗಿಬಿಡುತ್ತದೆ. ಅದು ನನಗೆ ಬೇಕಾದದ್ದೇ. ಮಳೆ ಬಂದ ದಿನ ಇದರ ದನಿ ಬೇರೆ ಆಗಬೇಕು.

ತೊಂದರೆ ಕೊಡ್ತಿರೋದು ಮೋಟರ್. ಎಸ್.ಪಿ. ರಸ್ತೆಯಿಂದ ತಂದ 12 ವೋಲ್ಟಿನ ಕಾರ್ ವೈಪರ್ ಮೋಟರ್. ಅದರ ಗುಂಯ್ ಅನ್ನೋ ಸದ್ದು ಚೌಕಟ್ಟಿಗೆಲ್ಲ ಹತ್ತಿ, ಸರಸರವನ್ನು ಪೂರ್ತಿ ನುಂಗುತ್ತಿದೆ.

ಮುಂದಿನ ತಿಂಗಳು ಗೆಳೆಯರ ಸ್ಟುಡಿಯೋದಲ್ಲಿ ಮುಗಿಯದ ಕೆಲಸಗಳನ್ನು ತೋರಿಸುವ ಸಂಜೆ ಇದೆ. ಇಂಥ ಕಡೆ ಜನ ಪ್ರೀತಿಯಿಂದಲೇ ಬರುತ್ತಾರೆ, “ಚೆನ್ನಾಗಿದೆ” ಅಂತಾರೆ, ಫೋಟೊ ತೆಗೆದು ಹೊರಡುತ್ತಾರೆ. ಫೋಟೊದಲ್ಲಿ ಚಲನೆಯೂ ಉಳಿಯಲ್ಲ, ಸದ್ದೂ ಉಳಿಯಲ್ಲ. ನನಗೆ ತಿಳಿಯಬೇಕಿರೋದು ಅವರು ಯಾವ ಸದ್ದಿಗೆ ತಿರುಗಿ ನೋಡಿದರು, ಯಾವಾಗ ಬೇಸರ ಬಂತು ಅನ್ನೋದು. ಮೋಟರ್ ಸರಿಹೋಗುವ ತನಕ ಕಾಯಲೋ, ಹೀಗೇ ಇಡಲೋ? ಇಟ್ಟರೆ ಏನಂತ ಕೇಳಲಿ?

ರಂಗದಹಿಂದೆ

ಕಾಯಬೇಡಿ, ಇಡಿ. ಆದರೆ “ಹೇಗಿದೆ?” ಅಂತ ಮಾತ್ರ ಕೇಳಬೇಡಿ, ಅದಕ್ಕೆ “ಚೆನ್ನಾಗಿದೆ” ಬಿಟ್ಟು ಇನ್ನೊಂದು ಉತ್ತರ ಬರಲ್ಲ.

ಅಮೆರಿಕದ ನೃತ್ಯ ಸಂಯೋಜಕಿ ಲಿಜ್ ಲರ್ಮನ್ 1990ರ ಹೊತ್ತಿಗೆ ಇದಕ್ಕೊಂದು ಕ್ರಮ ರೂಪಿಸಿದರು. ನಮ್ಮ ತಂಡದ ರಿಹರ್ಸಲ್‌ಗಳಲ್ಲಿ ಅದನ್ನೇ ಬಳಸುತ್ತೇವೆ. ಮೊದಲು ನೋಡಿದವರು ತಮಗೆ ಏನು ತಟ್ಟಿತು, ಏನು ನೆನಪಾಯಿತು ಅಂತ ಹೇಳಬೇಕು. ಆಮೇಲೆ ಕಲಾವಿದರು ತಮ್ಮ ಪ್ರಶ್ನೆ ಕೇಳಬೇಕು. ಮೂರನೆಯದಾಗಿ ನೋಡಿದವರು ಕೇಳಬೇಕು, ಆದರೆ ಪ್ರಶ್ನೆಯೊಳಗೆ ತೀರ್ಪು ಅಡಗಿರಬಾರದು. “ಯಾಕೆ ಇಷ್ಟು ನಿಧಾನ?” ಅಲ್ಲ, “ವೇಗವನ್ನು ಹೇಗೆ ಗೊತ್ತುಮಾಡಿದಿರಿ?” ಅಂತ. ಅಭಿಪ್ರಾಯ ಕೊನೆಗೆ, ಅದೂ “ಇದರ ಬಗ್ಗೆ ಹೇಳಲಾ?” ಎಂದು ಕೇಳಿ, ನೀವು ಹೂಂ ಅಂದ ಮೇಲೆ. ಬೇಡ ಅನ್ನೋ ಹಕ್ಕು ನಿಮಗಿದೆ. ಈ ಕೊನೆಯದು ನನಗೆ ಎಲ್ಲಕ್ಕಿಂತ ಮುಖ್ಯ, ಅರ್ಧ ಆದ ಕೆಲಸ ಇಟ್ಟುಕೊಂಡು ನಿಂತವರಿಗೆ ಅಷ್ಟು ರಕ್ಷಣೆ ಬೇಕು.

ಸಾಧ್ಯವಾದರೆ ಮರುದಿನ ಮಾತಾಡಿಸಿ. ಹೆಗ್ಗೋಡಿನ ನೀನಾಸಂ ಶಿಬಿರದಲ್ಲಿ ರಾತ್ರಿ ನೋಡಿದ ನಾಟಕದ ಚರ್ಚೆ ಬೆಳಗ್ಗೆ ನಡೆಯುತ್ತೆ. ರಾತ್ರಿ ಕಳೆದ ಮೇಲೂ ಉಳಿದದ್ದೇನು ಅನ್ನೋದು ಆಗ ಗೊತ್ತಾಗುತ್ತದೆ.

ಬೆಸುಗೆ

ಮೋಟರ್ ವಿಷಯ ಹೇಳ್ತೀನಿ. ಅದರ ಸದ್ದು ನೀವಂದುಕೊಂಡಷ್ಟು ದೊಡ್ಡದಲ್ಲ. ತಂಬೂರಿಯ ಬುರುಡೆ ಮಾಡೋ ಕೆಲಸವನ್ನು ನಿಮ್ಮ ಚೌಕಟ್ಟು ಮಾಡ್ತಿದೆ, ಅಷ್ಟೆ. ಮೋಟರನ್ನು ಬಿಚ್ಚಿ ಬೇರೆ ಸ್ಟ್ಯಾಂಡ್ ಮೇಲೆ ಕೂರಿಸಿ, ಕೆಳಗೆ ದಪ್ಪ ರಬ್ಬರ್ ಹಾಕಿ. ದಂಡಕ್ಕೆ ನೇರ ಜೋಡಿಸದೆ ಹೊಲಿಗೆ ಮಿಷಿನ್ ಬೆಲ್ಟಿನಿಂದ ತಿರುಗಿಸಿ. ವೋಲ್ಟೇಜ್ ಇಳಿಸಿದರೆ ಸದ್ದು ಇನ್ನೂ ತಗ್ಗುತ್ತೆ, ಆದರೆ ಬಲ ಕಮ್ಮಿಯಾಗಿ ಕಡ್ಡಿ ಹಾಳೆಗೆ ಸಿಕ್ಕಿ ನಿಂತುಬಿಡಬಹುದು, ನೋಡ್ಕೊಳ್ಳಿ. ಮುಂದೆ ಸ್ಟೆಪ್ಪರ್ ಮೋಟರ್‌ಗೆ (ಸಣ್ಣ ಸಣ್ಣ ಹೆಜ್ಜೆಯಲ್ಲಿ ತಿರುಗೋ ಮೋಟರ್) ಹೋಗೋದಾದರೆ ಅದನ್ನು ನಡೆಸೋಕೆ 3ಡಿ ಪ್ರಿಂಟರ್‌ಗೆ ಹಾಕೋ ಟಿಎಂಸಿ 2209 ಡ್ರೈವರ್ ಚಿಪ್ ತಗೊಳ್ಳಿ, ಹಳೇ ಡ್ರೈವರ್‌ಗಳ ಕೀರಲು ಸದ್ದು ಇರಲ್ಲ.

ಇದ್ಯಾವುದೂ ಆಗಲಿಲ್ಲ ಅಂದ್ರೆ ಆ ಸಂಜೆ ಮೋಟರನ್ನೇ ತೆಗೆದು ಕೈಹಿಡಿಕೆ ಹಾಕಿ. ಜನರೇ ತಿರುಗಿಸಲಿ. ಯಾರು ಎಷ್ಟು ವೇಗದಲ್ಲಿ ತಿರುಗಿಸ್ತಾರೆ, ಎಲ್ಲಿ ನಿಲ್ಲಿಸಿ ಹಿಂದಕ್ಕೆ ತಿರುಗಿಸ್ತಾರೆ ಅಂತ ಗಮನಿಸಿ. ಬಾಯಲ್ಲಿ ಹೇಳದ್ದನ್ನು ಕೈ ಹೇಳುತ್ತೆ.

ಹೇಗ್‌ಕನ್ನಡಿಗ

ನಾನಿರೋದು ನೆದರ್ಲೆಂಡ್ಸ್‌ನಲ್ಲಿ. ಇಲ್ಲಿನ ಕಲಾವಿದ ಥಿಯೋ ಯಾನ್ಸನ್ 1990ರಿಂದ ಪಿವಿಸಿ ಪೈಪುಗಳಲ್ಲಿ ಗಾಳಿಗೆ ನಡೆಯುವ ‘ಕಡಲತೀರದ ಪ್ರಾಣಿ’ಗಳನ್ನು ಕಟ್ಟುತ್ತಿದ್ದಾರೆ. ಬೇಸಿಗೆಯಲ್ಲಿ ತೀರಕ್ಕೆ ತಂದು ಎಲ್ಲರ ಎದುರೇ ಪರೀಕ್ಷೆ ಮಾಡುತ್ತಾರೆ. ಚಳಿಗಾಲದ ಮುಂಚೆ ಆ ಪ್ರಾಣಿ ಅಳಿಯಿತು ಅಂತ ಘೋಷಿಸಿ, ಕಲಿತದ್ದನ್ನು ಮುಂದಿನದಕ್ಕೆ ಹಾಕುತ್ತಾರೆ. ಅಲ್ಲಿ ಮರಳು, ಗಾಳಿಯೇ ಮೊದಲ ವಿಮರ್ಶಕರು.

ಹಾಗಾಗಿ ನಿಮ್ಮ ಕೃತಿಯನ್ನು ಬೆಂಗಳೂರಲ್ಲಿ ಮಾತ್ರ ತೋರಿಸಿದರೆ ಸಾಲದು. ಮಳೆಗಾಲದಲ್ಲಿ ಸಾಗರ, ಶಿರಸಿ ಕಡೆ ಯಾರದಾದರೂ ಮನೆ ಜಗಲಿಯಲ್ಲಿ ಇಡಿ. ತೋಟದಲ್ಲಿ ಹಾಳೆ ಬೀಳುವ ಸದ್ದನ್ನು ದಿನಾ ಕೇಳುವವರು ಅಲ್ಲಿದ್ದಾರೆ. ಅವರ ಕಿವಿಗೆ ಇದು ಏನು ಅನ್ನಿಸುತ್ತೆ ಅನ್ನೋದನ್ನು ಯಾವ ಗ್ಯಾಲರಿಯೂ ನಿಮಗೆ ಹೇಳಲಾರದು.

ಚಿತ್ರಶಾಲೆಮೇಡಂ

ಒಂದು ಎಚ್ಚರಿಕೆ. 1960ರ ಮಾರ್ಚ್ 17ರಂದು ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್ ಅಂಗಳದಲ್ಲಿ ಸ್ವಿಸ್ ಶಿಲ್ಪಿ ಜಾನ್ ಟಿಂಗೆಲಿ ತನ್ನನ್ನು ತಾನೇ ಕೆಡವಿಕೊಳ್ಳುವ ಯಂತ್ರ ಓಡಿಸಿದರು. ಕೊನೆಗೆ ಅಗ್ನಿಶಾಮಕದವರು ಬಂದು ಬೆಂಕಿ ಆರಿಸಬೇಕಾಯಿತು. ಅಲ್ಲಿ ಕೆಡುವುದೇ ಕೃತಿ. ನಿಮ್ಮದು ಹಾಗಲ್ಲ. ಕಡ್ಡಿ ಸಿಕ್ಕಿ ನಿಂತರೆ ಅದೂ ಉದ್ದೇಶವೇ ಅಂತ ಜನ ತಿಳಿಯಬಹುದು. “ಚಲನೆ ಇನ್ನೂ ತೀರ್ಮಾನವಾಗಿಲ್ಲ, ಹಾಳೆಗಳು ಹೀಗೇ ಇರುತ್ತವೆ” ಅಂತ ಪಕ್ಕದಲ್ಲೊಂದು ಚೀಟಿ ಇಡಿ.

ಹಾಳೆಸದ್ದು

ಎಲ್ಲರಿಗೂ ಧನ್ಯವಾದ. ಬೆಲ್ಟ್ ತಂದಾಯಿತು. ಕೈಹಿಡಿಕೆಯನ್ನೂ ಮಾಡಿಸ್ತೀನಿ, ಸಂಜೆಯ ಮೊದಲರ್ಧ ಹಿಡಿಕೆ, ಆಮೇಲೆ ಮೋಟರ್. ಚೀಟಿ ಖಂಡಿತ ಇಡ್ತೀನಿ. ಮಳೆಗಾಲಕ್ಕೆ ಜಗಲಿ ಕೊಡುವವರು ಸಾಗರದ ಕಡೆ ಯಾರಾದರೂ ಇದ್ದರೆ ಇಲ್ಲೇ ತಿಳಿಸಿ. ಚೌಕಟ್ಟು ಬಿಚ್ಚಿ ಬಸ್ಸಿನಲ್ಲೇ ತರಬಹುದು.